425 ಆನೆಗಳು ಹಾರಿದವು: ಮಾಂತ್ರಿಕ ವಾಸ್ತವವಾದಕ್ಕೊಂದು ಪ್ರವೇಶ

ಒಂದು ಸಾವಿನಿಂದ ಶುರು ಮಾಡೋಣ. ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ‘ನೂರು ವರ್ಷದ ಏಕಾಂತ’ ಕಾದಂಬರಿಯಲ್ಲಿ ಹೊಸೆ ಅರ್ಕಾದಿಯೊ ಎಂಬ ಆಜಾನುಬಾಹು ಇದ್ದಾನೆ. ಒಂದು ದಿನ ಅವನು ಬೇಟೆಯಿಂದ ಮನೆಗೆ ಬರುತ್ತಾನೆ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ, ಒಳಗೆ ಗುಂಡಿನ ಸದ್ದು ಕೇಳುತ್ತದೆ. ಹೊಡೆದವರು ಯಾರು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆದರೆ ರಕ್ತ ಬಾಗಿಲ ಕೆಳಗಿಂದ ಹೊರಗೆ ಬರುತ್ತದೆ. ನಡುಮನೆ ದಾಟಿ ಬೀದಿಗೆ ಬೀಳುತ್ತದೆ. ಮೆಟ್ಟಿಲು ಇಳಿಯುತ್ತದೆ, ಕಟ್ಟೆ ಹತ್ತುತ್ತದೆ, ತುರ್ಕರ ಬೀದಿಯಲ್ಲಿ ಸಾಗುತ್ತದೆ. ಒಂದು ಮೂಲೆಯಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ತಿರುಗಿ, ಅವನ ತಾಯಿಯ ಮನೆಯ ಮುಂದೆ ನೆಟ್ಟಗೆ ಒಳಗೆ ಹೋಗುತ್ತದೆ. ಜಮಖಾನೆಗೆ ಕಲೆ ಆಗಬಾರದು ಅಂತ ಗೋಡೆಯ ಅಂಚು ಹಿಡಿದು ಹರಿಯುತ್ತದೆ. ಊಟದ ಮೇಜನ್ನು ಬಳಸಿಕೊಂಡು ಹೋಗುತ್ತದೆ. ಹುಡುಗನಿಗೆ ಲೆಕ್ಕ ಹೇಳಿಕೊಡುತ್ತಾ ಕೂತ ಅಮರಾಂತಾಳ ಕುರ್ಚಿಯ ಕೆಳಗೆ, ಅವಳಿಗೆ ಕಾಣದ ಹಾಗೆ ನುಸುಳುತ್ತದೆ. ಕೊನೆಗೆ ಅಡುಗೆಮನೆ ಸೇರುತ್ತದೆ. ಅಲ್ಲಿ ತಾಯಿ ಉರ್ಸುಲಾ ಬ್ರೆಡ್ ಮಾಡಲು 36 ಮೊಟ್ಟೆ ಒಡೆಯಲು ಹೊರಟಿದ್ದಾಳೆ.

ಉರ್ಸುಲಾ ಬೆಚ್ಚಿ ದೇವರನ್ನು ಕರೆಯುತ್ತಾಳೆ. ಆಮೇಲೆ ಏನು ಮಾಡುತ್ತಾಳೆ? ರಕ್ತದ ಜಾಡು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುತ್ತಾಳೆ, ಮಗನ ಹೆಣದವರೆಗೆ.

‘ರಕ್ತ ಇಷ್ಟು ದೂರ ಹೇಗೆ ಬಂತು?’ ಅಂತ ಅವಳು ಒಂದು ಕ್ಷಣವೂ ಕೇಳುವುದಿಲ್ಲ. ಅವಳಿಗೆ ಬೇಕಿರುವುದು ಯಾರ ರಕ್ತ ಅನ್ನುವುದಷ್ಟೇ. ಕಥೆ ಹೇಳುತ್ತಿರುವವನೂ ಕೇಳುವುದಿಲ್ಲ. ಓದುತ್ತಾ ಓದುತ್ತಾ ನಾವೂ ಕೇಳುವುದನ್ನು ಬಿಟ್ಟುಬಿಡುತ್ತೇವೆ. ಮಾಂತ್ರಿಕ ವಾಸ್ತವವಾದ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಒಂದು ಪುಟ ಓದಿಸುತ್ತೇನೆ. ವ್ಯಾಖ್ಯಾನ ಆಮೇಲೆ ನೋಡಿಕೊಳ್ಳಬಹುದು.

ಆ ಪುಟದಲ್ಲಿ ಕೆಲಸ ಮಾಡುತ್ತಿರುವುದು ಏನು? ರಕ್ತ ನಡೆಯಿತು ಅನ್ನುವ ಪವಾಡ ಅಂತ ನಮಗೆ ಮೊದಲು ಅನ್ನಿಸುತ್ತದೆ. ಆದರೆ ಜಮಖಾನೆ ತೆಗೆದುಹಾಕಿ. ಲೆಕ್ಕದ ಪಾಠ ತೆಗೆಯಿರಿ. 36 ಮೊಟ್ಟೆ ತೆಗೆದು ‘ಅಡುಗೆ ಮಾಡುತ್ತಿದ್ದಳು’ ಅಂತ ಬರೆಯಿರಿ. ಉಳಿಯುವುದು ‘ಮಗನ ರಕ್ತ ತಾಯಿಯನ್ನು ಹುಡುಕಿಕೊಂಡು ಬಂತು’ ಅನ್ನುವ ಒಂದು ಸವಕಲು ಮಾತು. ಸಿನಿಮಾ ಹಾಡಿನಲ್ಲಿ ಬರುವಂಥದ್ದು. ಈ ಬಗೆಯ ಬರವಣಿಗೆಯಲ್ಲಿ ಮಂತ್ರಕ್ಕಿಂತ ವಾಸ್ತವದ್ದೇ ಜಾಸ್ತಿ ಕೆಲಸ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದರಲ್ಲಿ ಅರ್ಧ ಇದೇ. ಇನ್ನರ್ಧ ಈ ವಾಸ್ತವ ಯಾರದ್ದು ಅನ್ನುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮಾರ್ಕೆಸ್ 1981ರಲ್ಲಿ ಪ್ಯಾರಿಸ್ ರಿವ್ಯೂ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಇದರ ಗುಟ್ಟನ್ನು ಸಲೀಸಾಗಿ ಬಿಟ್ಟುಕೊಟ್ಟಿದ್ದಾರೆ. ಆಕಾಶದಲ್ಲಿ ಆನೆಗಳು ಹಾರುತ್ತಿವೆ ಅಂದರೆ ಯಾರೂ ನಂಬುವುದಿಲ್ಲ. 425 ಆನೆಗಳು ಹಾರುತ್ತಿವೆ ಅಂದರೆ ಬಹುಶಃ ನಂಬುತ್ತಾರೆ ಅಂತ. ಇದು ಪತ್ರಿಕೋದ್ಯಮದ ತಂತ್ರ ಅಂತಲೂ ಅವರೇ ಹೇಳುತ್ತಾರೆ. ಅವರು ಮೂಲತಃ ವರದಿಗಾರರು, ಅದನ್ನು ಮರೆಯಬಾರದು. ವರದಿಗಾರನಿಗೆ ಎಷ್ಟು, ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದೇ ಬಂಡವಾಳ ಅಲ್ವಾ?

ಅದೇ ಸಂದರ್ಶನದಲ್ಲಿ ಅಜ್ಜಿಯ ಮಾತೂ ಬರುತ್ತದೆ. ಮಾರ್ಕೆಸ್ ಹುಟ್ಟಿದ್ದು 1927ರಲ್ಲಿ, ಕೊಲಂಬಿಯಾದ ಅರಕಟಾಕ ಎಂಬ ಊರಿನಲ್ಲಿ. ಬಾಲ್ಯದ ಮೊದಲ ವರ್ಷಗಳು ಅಜ್ಜ, ಅಜ್ಜಿಯ ಮನೆಯಲ್ಲಿ. ಅಜ್ಜ ಯುದ್ಧ ಮಾಡಿ ಬಂದ ಕರ್ನಲ್. ಅಜ್ಜಿ ತ್ರಾಂಕಿಲಿನಾ ನಂಬಲಾಗದ ಸಂಗತಿಗಳನ್ನು ಮುಖದ ಒಂದು ಗೆರೆಯೂ ಅಲುಗದ ಹಾಗೆ ಹೇಳುತ್ತಿದ್ದರಂತೆ. ಹಿಂದಿನ ಪ್ರಯತ್ನಗಳಲ್ಲಿ ನಾನು ಕಥೆಯನ್ನು ನಂಬದೆ ಹೇಳಲು ಹೋಗಿದ್ದೆ, ಮೊದಲು ನಾನೇ ನಂಬಬೇಕಿತ್ತು, ಅಜ್ಜಿಯ ಮುಖ ಇಟ್ಟುಕೊಂಡೇ ಬರೆಯಬೇಕಿತ್ತು ಅಂತ ಅವರು ಹೇಳುತ್ತಾರೆ. ಕಣ್ಣು ಮಿಟುಕಿಸಬಾರದು. ‘ನೋಡಿ, ಎಂಥಾ ವಿಚಿತ್ರ!’ ಅಂತ ಬರಹಗಾರ ಒಮ್ಮೆ ಕೂಗಿದರೂ ಆಟ ಮುಗಿಯಿತು.

ಅಜ್ಜಿಯ ಜೊತೆ ಇನ್ನೊಬ್ಬರಿದ್ದಾರೆ, ಕಾಫ್ಕಾ. ಕಾಲೇಜು ಹುಡುಗನಾಗಿದ್ದಾಗ ಮಾರ್ಕೆಸ್ ‘ಮೆಟಮಾರ್ಫಸಿಸ್’ ಓದುತ್ತಾರೆ. ಒಬ್ಬ ಸೇಲ್ಸ್‌ಮನ್ ಬೆಳಿಗ್ಗೆ ಎದ್ದಾಗ ಹುಳು ಆಗಿದ್ದಾನೆ. ಅವನ ಚಿಂತೆ ಏನು ಗೊತ್ತಾ? ರೈಲು ತಪ್ಪಿತು, ಆಫೀಸಿನಲ್ಲಿ ಬೈಯುತ್ತಾರೆ! ಮೊದಲ ಸಾಲಿಗೇ ಹಾಸಿಗೆಯಿಂದ ಬೀಳುವ ಹಾಗಾಯಿತಂತೆ ಮಾರ್ಕೆಸ್‌ಗೆ. ಹೀಗೆಲ್ಲ ಬರೆಯಬಹುದು ಅಂತಲೇ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಯಾವಾಗಲೋ ಶುರು ಮಾಡುತ್ತಿದ್ದೆ ಅಂತ ಅವರ ಮಾತು.

ಈಗ ಸ್ವಲ್ಪ ಚರಿತ್ರೆ. ಇದನ್ನು ಬೇಗ ಮುಗಿಸುತ್ತೇನೆ, ಒಂದು ಕಡೆ ಮಾತ್ರ ನಿಲ್ಲುತ್ತೇನೆ.

ಮಾಂತ್ರಿಕ ವಾಸ್ತವವಾದ ಅನ್ನುವ ಹೆಸರು ಸಾಹಿತ್ಯದಿಂದ ಬಂದದ್ದಲ್ಲ, ಚಿತ್ರಕಲೆಯಿಂದ. 1925ರಲ್ಲಿ ಫ್ರಾಂಜ್ ರೋ ಎಂಬ ಜರ್ಮನ್ ಕಲಾವಿಮರ್ಶಕ ಆಗಿನ ಹೊಸ ಚಿತ್ರಕಾರರ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಬಳಸಿದರು. ಮೊದಲ ಮಹಾಯುದ್ಧದ ನಂತರ ಕೆಲವರು ಮತ್ತೆ ಮನೆ, ಮೇಜು, ಮುಖಗಳನ್ನು ಚೂಪಾಗಿ, ತಣ್ಣಗೆ ಬಿಡಿಸತೊಡಗಿದ್ದರು. ಎಷ್ಟು ಚೂಪಾಗಿ ಅಂದರೆ ಸಾಮಾನ್ಯ ವಸ್ತುವೇ ವಿಚಿತ್ರವಾಗಿ ಕಾಣುವಷ್ಟು. ದೆವ್ವ, ರೆಕ್ಕೆ ಯಾವುದೂ ಇರಲಿಲ್ಲ. ಆ ಪುಸ್ತಕದ ಭಾಗವೊಂದು 1927ರಲ್ಲಿ ಮ್ಯಾಡ್ರಿಡ್‌ನ ಪತ್ರಿಕೆಯಲ್ಲಿ ಸ್ಪ್ಯಾನಿಷ್‌ಗೆ ಬಂತು. ಅಲ್ಲಿಂದ ಅದು ಸಮುದ್ರ ದಾಟಿತು. 1948ರಲ್ಲಿ ವೆನೆಜುವೆಲಾದ ಉಸ್ಲಾರ್ ಪಿಯೆತ್ರಿ ತಮ್ಮ ದೇಶದ ಕಥೆಗಳ ಬಗ್ಗೆ ಇದೇ ಮಾತು ಬಳಸಿದರು. 1955ರಲ್ಲಿ ಏಂಜೆಲ್ ಫ್ಲೋರೆಸ್ ಎಂಬ ಪ್ರಾಧ್ಯಾಪಕರ ಲೇಖನದಿಂದ ಅದು ಅಮೆರಿಕದ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. ಆಮೇಲೆ ಇದರಲ್ಲಿ ಯಾರನ್ನು ಸೇರಿಸಬೇಕು, ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಇದಕ್ಕೆ ಸೇರುತ್ತಾರಾ ಅಂತ ವಿಮರ್ಶಕರ ಜಗಳ. ಅದು ಇನ್ನೂ ಮುಗಿದಿಲ್ಲ. ನಮಗೆ ಬೇಡ ಬಿಡಿ.

ನಾನು ನಿಲ್ಲಬೇಕು ಅಂದುಕೊಂಡಿರುವ ಜಾಗ ಹೈಟಿ. ಅಲೆಹೊ ಕಾರ್ಪೆಂತಿಯೆರ್ ಎಂಬ ಕ್ಯೂಬಾದ ಲೇಖಕ 1943ರಲ್ಲಿ ಅಲ್ಲಿಗೆ ಹೋದರು. ಅದಕ್ಕೂ ಮೊದಲು ಹತ್ತಕ್ಕೂ ಹೆಚ್ಚು ವರ್ಷ ಪ್ಯಾರಿಸ್‌ನಲ್ಲಿದ್ದವರು, ಕನಸು, ಅಸಂಗತಗಳಿಂದ ಕಲೆ ಮಾಡುತ್ತಿದ್ದ ಸರ್ರಿಯಲಿಸ್ಟರ ಒಡನಾಟದಲ್ಲಿ ಬೆಳೆದವರು. ಹೈಟಿ ನೋಡಿದ ಮೇಲೆ ಅವರಿಗೆ ಪ್ಯಾರಿಸ್‌ನ ಆಟ ಸಪ್ಪೆಯಾಗಿ ಕಂಡಿತು. ಅಲ್ಲಿ ಕೂತು ಹೊಲಿಗೆ ಯಂತ್ರವನ್ನೂ ಕೊಡೆಯನ್ನೂ ಪಕ್ಕಪಕ್ಕ ಇಟ್ಟು ಬೆರಗು ಹುಟ್ಟಿಸಲು ಒದ್ದಾಡುತ್ತಾರೆ, ಇಲ್ಲಿ ಬೆರಗು ಚರಿತ್ರೆಯಲ್ಲೇ ಇದೆ ಅನ್ನುವುದು ಅವರ ವಾದ. ಆ ಪ್ರವಾಸದಿಂದ ಬಂದ ಕಾದಂಬರಿ ‘ಈ ಲೋಕದ ರಾಜ್ಯ’, 1949ರದ್ದು.

ಅದರಲ್ಲಿ ಮಕಾಂದಾಲ್ ಬರುತ್ತಾನೆ. ಇವನು ನಿಜವಾಗಿ ಇದ್ದವನು. ಹೈಟಿ ಫ್ರೆಂಚರ ವಸಾಹತಾಗಿದ್ದಾಗ ಕಬ್ಬಿನ ತೋಟದಲ್ಲಿ ಗುಲಾಮ. ಗಾಣಕ್ಕೆ ಸಿಕ್ಕಿ ಒಂದು ಕೈ ಹೋಗಿತ್ತು. ಕಾಡಿಗೆ ಓಡಿಹೋದ, ವಿಷದ ಗಿಡಗಳನ್ನು ಕಲಿತ, ತೋಟದಿಂದ ತೋಟಕ್ಕೆ ವಿಷ ಹರಡಿ ಮಾಲೀಕರ ನಿದ್ದೆ ಕೆಡಿಸಿದ. ಅವನು ಬೇಕಾದ ಪ್ರಾಣಿಯಾಗಬಲ್ಲ, ಹಲ್ಲಿಯಾಗಿ, ಪತಂಗವಾಗಿ ಎಲ್ಲಿ ಬೇಕಾದರೂ ಬರಬಲ್ಲ ಅಂತ ಗುಲಾಮರು ನಂಬಿದ್ದರು. 1758ರಲ್ಲಿ ಸಿಕ್ಕಿಬಿದ್ದ. ಊರ ಚೌಕದಲ್ಲಿ ಕಂಬಕ್ಕೆ ಕಟ್ಟಿ ಸುಡುವ ಶಿಕ್ಷೆ. ನೋಡಿ ಬುದ್ಧಿ ಕಲಿಯಲಿ ಅಂತ ಮಾಲೀಕರು ಗುಲಾಮರನ್ನೆಲ್ಲ ಅಲ್ಲಿಗೆ ಹೊಡೆದುಕೊಂಡು ಬಂದಿದ್ದರು.

ಕಾರ್ಪೆಂತಿಯೆರ್ ಬರೆಯುವುದು ನೋಡಿ. ಬೆಂಕಿ ಮೇಲೇರುತ್ತದೆ. ಮಕಾಂದಾಲ್ ಯಾರಿಗೂ ಅರ್ಥವಾಗದ ಮಂತ್ರ ಕೂಗಿ ಮೈ ಕೊಡವುತ್ತಾನೆ. ಹಗ್ಗ ಕಳಚಿ ಬೀಳುತ್ತದೆ. ದೇಹ ಗಾಳಿಗೇರಿ ಜನರ ತಲೆಯ ಮೇಲೆ ಹಾರಿ ಗುಂಪಿನೊಳಗೆ ಮರೆಯಾಗುತ್ತದೆ. ‘ಮಕಾಂದಾಲ್ ಉಳಿದ!’ ಅಂತ ಒಂದೇ ಕೂಗು. ಚೌಕದ ತುಂಬಾ ನೂಕುನುಗ್ಗಲು. ಮುಂದಿನ ವಾಕ್ಯದಲ್ಲಿ ಲೇಖಕರು ಹೇಳುತ್ತಾರೆ: ಆ ಗದ್ದಲದಲ್ಲಿ ಹತ್ತು ಸೈನಿಕರು ಅವನನ್ನು ಹಿಡಿದು, ತಲೆ ಮುಂದಾಗಿ ಬೆಂಕಿಗೆ ನೂಕಿದ್ದನ್ನು ಕಂಡವರು ತೀರಾ ಕಡಿಮೆ.

ಎರಡೂ ಅದೇ ದನಿಯಲ್ಲಿ, ಒಂದರ ಹಿಂದೆ ಒಂದು. ಗುಲಾಮರು ನಗುತ್ತಾ ತೋಟಗಳಿಗೆ ಮರಳುತ್ತಾರೆ. ಆ ರಾತ್ರಿ ಒಬ್ಬ ಮಾಲೀಕ ಮಲಗುವ ಟೋಪಿ ಹಾಕಿಕೊಂಡು ಹೆಂಡತಿಗೆ ಹೇಳುತ್ತಾನೆ: ತಮ್ಮವನೇ ಸುಟ್ಟುಹೋದರೂ ಇವರಿಗೆ ಏನೂ ಅನ್ನಿಸುವುದಿಲ್ಲವಲ್ಲ, ಎಂಥಾ ಕಲ್ಲು ಮನಸ್ಸು! ಇದರ ಮೇಲೆ ಲ್ಯಾಟಿನ್ ಉಕ್ತಿಗಳನ್ನು ಸೇರಿಸಿ ಒಂದು ಭಾಷಣ ಮಾಡಬೇಕು ಅಂತಲೂ ಯೋಚಿಸುತ್ತಾನೆ.

ಈಗ ಹೇಳಿ, ವಾಸ್ತವವನ್ನು ಕಂಡವರು ಯಾರು? ದೇಹ ಸುಟ್ಟಿತು ಅನ್ನುವ ಮಟ್ಟಿಗೆ ಮಾಲೀಕ ಸರಿ. ಆದರೆ ಆ ನಗು ಏನು ಅಂತ ಅವನಿಗೆ ತಿಳಿಯಲೇ ಇಲ್ಲ. ಮಕಾಂದಾಲ್ ಸತ್ತಿಲ್ಲ ಅಂತ ನಂಬಿದ ಜನ 1791ರಲ್ಲಿ ದಂಗೆ ಎದ್ದರು, 1804ರಲ್ಲಿ ಹೈಟಿ ಸ್ವತಂತ್ರವಾಯಿತು. ಇದು ಕಾದಂಬರಿಯ ಕಲ್ಪನೆಯಲ್ಲ, ಚರಿತ್ರೆ. ಸುಟ್ಟ ದೇಹವನ್ನು ಮಾತ್ರ ಎಣಿಸುವ ವಾಸ್ತವವಾದಕ್ಕೆ ಈ ದಂಗೆಯ ಬೇರು ಕಾಣುವುದಿಲ್ಲ. ಮಾಂತ್ರಿಕ ವಾಸ್ತವವಾದ ಹುಟ್ಟಿದ್ದು ಈ ಕೊರತೆಯಿಂದ ಅಂತ ನನ್ನ ಅಂದಾಜು. ಯಜಮಾನ ಕಂಡದ್ದೂ ಆಳು ಕಂಡದ್ದೂ ಒಂದೇ ಪುಟದಲ್ಲಿ, ಒಂದೇ ತೂಕದಲ್ಲಿ ಇರಬೇಕು. ಯಾವುದನ್ನೂ ‘ಪಾಪ, ಅವರ ನಂಬಿಕೆ’ ಅಂತ ಪಕ್ಕಕ್ಕೆ ಸರಿಸಬಾರದು.

ಇಲ್ಲೊಂದು ಅಡ್ಡದಾರಿ ಹಿಡಿಯುತ್ತೇನೆ. ಲ್ಯಾಟಿನ್ ಅಮೆರಿಕದವರನ್ನು ‘ಇಷ್ಟೆಲ್ಲ ಕಲ್ಪನೆ ಎಲ್ಲಿಂದ ತರುತ್ತೀರಿ?’ ಅಂತ ಕೇಳಿದರೆ ಅವರಿಗೆ ನಗು ಬರುತ್ತದೆ. 1982ರಲ್ಲಿ ನೊಬೆಲ್ ಬಂದಾಗ ಮಾರ್ಕೆಸ್ ಮಾಡಿದ ಭಾಷಣದಲ್ಲಿ ಒಂದು ಪಟ್ಟಿಯೇ ಇದೆ. ಮೆಕ್ಸಿಕೋದ ಜನರಲ್ ಸಾಂತಾ ಅನಾ ಯುದ್ಧದಲ್ಲಿ ಕಾಲು ಕಳೆದುಕೊಂಡ. ಆ ಕಾಲಿಗೆ ಭರ್ಜರಿ ಅಂತ್ಯಕ್ರಿಯೆ ಮಾಡಿಸಿದ. ಅದು 1842ರಲ್ಲಿ, ಸೇನಾ ಗೌರವದೊಂದಿಗೆ. ಎರಡು ವರ್ಷದ ಮೇಲೆ ಅವನ ಮೇಲೆ ಸಿಟ್ಟಾದ ಜನ ಅದೇ ಕಾಲನ್ನು ಅಗೆದು ಬೀದಿಯಲ್ಲಿ ಎಳೆದಾಡಿದರು. ಇನ್ನೊಬ್ಬ ಎಲ್ ಸಾಲ್ವಡಾರ್‌ನ ಜನರಲ್ ಹೆರ್ನಾಂದೆಸ್ ಮಾರ್ತಿನೆಸ್. ತನ್ನ ಊಟದಲ್ಲಿ ವಿಷ ಇದೆಯಾ ಅಂತ ನೋಡಲು ಲೋಲಕ ಕಂಡುಹಿಡಿದವನು, ಜ್ವರದ ಪಿಡುಗು ನಿಲ್ಲಲಿ ಅಂತ ಬೀದಿದೀಪಗಳಿಗೆಲ್ಲ ಕೆಂಪು ಕಾಗದ ಸುತ್ತಿಸಿದವನು. ನಗು ಬರುತ್ತದೆ. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ಸಂಗತಿಯೂ ಇದೆ: ಇವನು 30,000 ರೈತರನ್ನು ಕೊಲ್ಲಿಸಿದವನು. ಹೀಗಿರುವಾಗ ನಮಗೆ ಕಲ್ಪನೆಯ ಕೊರತೆ ಇರಲಿಲ್ಲ, ನಮ್ಮ ಬದುಕನ್ನು ಇತರರು ನಂಬುವ ಹಾಗೆ ಹೇಳುವ ದಾರಿಯ ಕೊರತೆ ಇತ್ತು ಅನ್ನುವ ಅರ್ಥದ ಮಾತು ಆ ಭಾಷಣದಲ್ಲಿ ಬರುತ್ತದೆ.

ಸರಿ, ದಾರಿಗೆ ಬರೋಣ. ‘ಇದರಲ್ಲಿ ಹೊಸದೇನಿದೆ, ಪುರಾಣಗಳಲ್ಲಿ, ಜನಪದ ಕಥೆಗಳಲ್ಲಿ ಇದೆಲ್ಲ ಇತ್ತಲ್ಲ?’ ಅಂತ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪುರಾಣದಲ್ಲಿ ಹಾರುವುದು ಆ ಲೋಕದ ನಿಯಮ. ದೇವರು ಹಾರದಿದ್ದರೆ ಅದು ಸುದ್ದಿ! ಮಾಂತ್ರಿಕ ವಾಸ್ತವವಾದದ ಕಥೆ ನಡೆಯುವುದು ಟೆಲಿಗ್ರಾಫ್, ರೈಲು, ಚುನಾವಣೆ, ಸಾಲದ ಪತ್ರ ಇರುವ ಊರಿನಲ್ಲಿ. ಅಲ್ಲಿ ಹಾರುವುದಕ್ಕೆ ಲೈಸೆನ್ಸ್ ಇಲ್ಲ. ಆದರೂ ಒಬ್ಬಳು ಹಾರುತ್ತಾಳೆ. ‘ನೂರು ವರ್ಷದ ಏಕಾಂತ’ ನಡೆಯುವ ಮಕೊಂದೊ ಊರಿನ ಸುಂದರಿ ರೆಮೆದಿಯೊಸ್ ಮಧ್ಯಾಹ್ನ ತೋಟದಲ್ಲಿ ಬೆಡ್‌ಶೀಟು ಮಡಚಲು ನಿಂತವಳು ಹಾಗೇ ಶೀಟುಗಳ ಸಮೇತ ಮೇಲಕ್ಕೆ ಹೋಗಿಬಿಡುತ್ತಾಳೆ. ಅವಳ ತಮ್ಮನ ಹೆಂಡತಿ ಫೆರ್ನಾಂದಾ ಪವಾಡವನ್ನು ಹೊಟ್ಟೆಕಿಚ್ಚಿನಲ್ಲೇ ಒಪ್ಪಿಕೊಳ್ಳುತ್ತಾಳೆ. ಆದರೆ ಎಷ್ಟೋ ಕಾಲ ದೇವರಿಗೆ ಒಂದೇ ಪ್ರಾರ್ಥನೆ: ನನ್ನ ಬೆಡ್‌ಶೀಟು ವಾಪಸ್ ಕಳಿಸು. ಪುರಾಣದಲ್ಲಿ ಬೆಡ್‌ಶೀಟಿನ ಲೆಕ್ಕ ಕೇಳುವವರು ಇರುವುದಿಲ್ಲ.

ಫ್ಯಾಂಟಸಿ ಜೊತೆ ವ್ಯತ್ಯಾಸವೂ ಇಲ್ಲೇ ಇದೆ. ಫ್ಯಾಂಟಸಿ ಬೇರೆ ಲೋಕ ಕಟ್ಟುತ್ತದೆ, ಅದಕ್ಕೆ ನಕಾಶೆ ಕೊಡುತ್ತದೆ, ಮಂತ್ರಕ್ಕೆ ನಿಯಮ ಹಾಕುತ್ತದೆ. ಇಲ್ಲಿ ಲೋಕ ನಮ್ಮದೇ, ನಿಯಮ ಯಾರೂ ವಿವರಿಸುವುದಿಲ್ಲ. ಇನ್ನೊಂದು ಬಗೆಯ ಕಥೆ ಇದೆ, ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ಟರ್ನ್ ಆಫ್ ದ ಸ್ಕ್ರೂ’ ಥರದ್ದು. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ದೆವ್ವ ಕಾಣುತ್ತದೆ. ನಿಜವಾಗಿ ದೆವ್ವವಾ, ಅವಳ ತಲೆ ಕೆಟ್ಟಿದೆಯಾ? ಆ ಅನುಮಾನವೇ ಅಲ್ಲಿನ ರುಚಿ. ತೊದೊರೊವ್ ಎಂಬ ವಿಮರ್ಶಕ 1970ರಲ್ಲಿ ಬರೆದ ಪುಸ್ತಕದಲ್ಲಿ ಈ ತೂಗುಯ್ಯಾಲೆಯನ್ನೇ ಆ ಬಗೆಯ ಕಥೆಯ ಲಕ್ಷಣ ಅಂದರು. ಮಾಂತ್ರಿಕ ವಾಸ್ತವವಾದದಲ್ಲಿ ಅನುಮಾನಕ್ಕೆ ಜಾಗವಿಲ್ಲ. ರೆಮೆದಿಯೊಸ್ ಹೋದಳು, ಶೀಟೂ ಹೋಯಿತು.

ಇನ್ನು ಸಂಕೇತ. ಇದು ದೊಡ್ಡ ಉಪದ್ರವ. ರೆಕ್ಕೆ ಕಂಡ ಕೂಡಲೇ ‘ಸ್ವಾತಂತ್ರ್ಯದ ಸಂಕೇತ’ ಅಂತ ಬರೆದುಬಿಡುವ ಅಭ್ಯಾಸ ನಮಗೆಲ್ಲ ಪರೀಕ್ಷೆಗಳಿಂದ ಬಂದದ್ದು. ಅದನ್ನು ಬಿಡಿಸಲು ನನಗೆ ಗೊತ್ತಿರುವ ಒಳ್ಳೆಯ ಮದ್ದು 1968ರ ಒಂದು ಸಣ್ಣಕಥೆ, ‘ದೊಡ್ಡ ರೆಕ್ಕೆಗಳ ಮುದುಕ’. ಇದೂ ಮಾರ್ಕೆಸ್ ಅವರದ್ದೇ. ಮಳೆ ಹಿಡಿದ ದಿನ. ಪೆಲಾಯೊ ಎಂಬವನ ಅಂಗಳದ ಕೆಸರಿನಲ್ಲಿ ಒಬ್ಬ ಮುದುಕ ಮುಖ ಅಡಿಯಾಗಿ ಬಿದ್ದಿದ್ದಾನೆ. ಬಾಯಲ್ಲಿ ಬೆರಳೆಣಿಕೆಯ ಹಲ್ಲು, ಬೋಳು ತಲೆಯಲ್ಲಿ ನಾಲ್ಕು ಕೂದಲು. ಬೆನ್ನಲ್ಲಿ ದೊಡ್ಡ ರೆಕ್ಕೆ, ರಣಹದ್ದಿನ ಥರ, ಕೊಳಕು, ಅರ್ಧ ಪುಕ್ಕ ಉದುರಿದ್ದು. ಅವನನ್ನು ಕೋಳಿಗೂಡಿಗೆ ಹಾಕುತ್ತಾರೆ. ಕೋಳಿಗಳು ರೆಕ್ಕೆಯಲ್ಲಿರುವ ಹುಳ ಹೆಕ್ಕುತ್ತವೆ. ಪಾದ್ರಿ ಬಂದು ಲ್ಯಾಟಿನ್‌ನಲ್ಲಿ ಮಾತಾಡಿಸುತ್ತಾನೆ. ಮುದುಕನಿಗೆ ಲ್ಯಾಟಿನ್ ಬರುವುದಿಲ್ಲ. ದೇವರ ಭಾಷೆ ಬಾರದವನು ದೇವದೂತ ಹೇಗಾದಾನು ಅಂತ ಪಾದ್ರಿಗೆ ಗುಮಾನಿ. ಪೆಲಾಯೊನ ಹೆಂಡತಿ ಎಲಿಸೆಂದಾ ಬೇಲಿ ಹಾಕಿ ಟಿಕೆಟ್ ಇಡುತ್ತಾಳೆ. ಆ ದುಡ್ಡಿನಲ್ಲಿ ಎರಡಂತಸ್ತಿನ ಮನೆಯೂ ಏಳುತ್ತದೆ. ಆಮೇಲೆ ಊರಿಗೆ ಒಂದು ಜೇಡ ಹೆಂಗಸು ಬರುತ್ತಾಳೆ. ಅಪ್ಪ ಅಮ್ಮನ ಮಾತು ಕೇಳದೆ ಕುಣಿಯಲು ಹೋಗಿ ಜೇಡವಾದವಳು. ಟಿಕೆಟ್ ಕಡಿಮೆ, ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಾಳೆ, ಕಥೆಗೊಂದು ನೀತಿಯೂ ಇದೆ. ಜನ ಮುದುಕನನ್ನು ಬಿಟ್ಟು ಅತ್ತ ಓಡುತ್ತಾರೆ.

ನೀತಿ ಸಿಗುವ ಪವಾಡ ಜನಕ್ಕೆ ಇಷ್ಟ, ಸುಮ್ನೆ ಕೂತಿರುವ ಪವಾಡ ಬೇಡ. ಮಾರ್ಕೆಸ್ ನಮ್ಮನ್ನೇ, ಅರ್ಥ ಹುಡುಕುವ ಓದುಗರನ್ನೇ, ಗೇಲಿ ಮಾಡುತ್ತಿದ್ದಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಜಾಗ ಡಾಕ್ಟರು ಬರುವುದು. ಮುದುಕನ ಎದೆಗೆ ಕಿವಿಯಿಟ್ಟು ಕೇಳುತ್ತಾರೆ, ಹೃದಯದಲ್ಲಿ ಸಿಳ್ಳೆ, ಮೂತ್ರಪಿಂಡದಲ್ಲಿ ಸದ್ದು. ಇವನು ಬದುಕಿರುವುದೇ ದೊಡ್ಡದು ಅನ್ನಿಸುತ್ತದೆ. ಆದರೆ ಅದಕ್ಕಿಂತ ಆಶ್ಚರ್ಯ ರೆಕ್ಕೆಗಳದ್ದು. ಅವು ಆ ದೇಹಕ್ಕೆ ಎಷ್ಟು ಸಹಜವಾಗಿ ಕೂಡಿಕೊಂಡಿವೆ ಅಂದರೆ, ಮಿಕ್ಕ ಮನುಷ್ಯರಿಗೆ ಯಾಕೆ ಇಲ್ಲ ಅಂತ ಡಾಕ್ಟರಿಗೆ ತಿಳಿಯುವುದಿಲ್ಲ! ಪ್ರಶ್ನೆ ಹೇಗೆ ತಲೆಕೆಳಗಾಯಿತು ನೋಡಿ.

ಈಗ ಆಗ ಬಾಕಿ ಇಟ್ಟಿದ್ದ ಇನ್ನರ್ಧ, ಈ ವಾಸ್ತವ ಯಾರದ್ದು ಅನ್ನುವುದು. ಕೊಲಂಬಿಯಾದ ಸಿಯೆನಾಗಾ ಊರು, 1928ರ ಡಿಸೆಂಬರ್. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆತೋಟಗಳ ಕಾರ್ಮಿಕರು ಮುಷ್ಕರ ಹೂಡಿದ್ದರು. ರೈಲು ನಿಲ್ದಾಣದ ಪಕ್ಕದ ಚೌಕದಲ್ಲಿ ಸೇರಿದ್ದ ಜನರ ಮೇಲೆ ಸೇನೆ ಗುಂಡು ಹಾರಿಸಿತು. ಎಷ್ಟು ಜನ ಸತ್ತರು? ಗುಂಡಿಗೆ ಆದೇಶ ಕೊಟ್ಟ ಜನರಲ್ ಒಪ್ಪಿಕೊಂಡದ್ದು 47. ಅಮೆರಿಕದ ರಾಯಭಾರ ಕಚೇರಿಯಿಂದ 1929ರ ಜನವರಿಯಲ್ಲಿ ಹೋದ ವರದಿ 1,000ಕ್ಕೂ ಹೆಚ್ಚು ಅನ್ನುತ್ತದೆ. ಮಾರ್ಕೆಸ್ ಆಗ ಹಸುಗೂಸು. ಅದೇ ಸೀಮೆಯಲ್ಲಿ ಈ ಸುದ್ದಿ ಪಿಸುಮಾತಿನಲ್ಲಿ ಓಡಾಡುತ್ತಿದ್ದಾಗ ಬೆಳೆದವರು.

‘ನೂರು ವರ್ಷದ ಏಕಾಂತ’ದಲ್ಲಿ ಈ ಘಟನೆ ಬರುತ್ತದೆ. ಗುಂಡಿನ ಮಳೆ ಮುಗಿದ ಮೇಲೆ ಹೊಸೆ ಅರ್ಕಾದಿಯೊ ಸೆಗುಂದೊ (ಮೊದಲು ಸತ್ತವನಲ್ಲ, ಅವನ ಮೊಮ್ಮಗ) ಕಣ್ಣು ಬಿಟ್ಟರೆ, ಹೆಣಗಳ ರಾಶಿಯ ಮೇಲೆ ಮಲಗಿದ್ದಾನೆ. ಕತ್ತಲಲ್ಲಿ ಓಡುತ್ತಿರುವ ಗೂಡ್ಸ್ ರೈಲು. ಸುಮಾರು 200 ವ್ಯಾಗನ್, ಎಲ್ಲದರಲ್ಲೂ ಹೆಣ, ಸಮುದ್ರಕ್ಕೆ ಎಸೆಯಲು. ಹಾರಿ ತಪ್ಪಿಸಿಕೊಂಡು ಊರಿಗೆ ಬರುತ್ತಾನೆ. ಮೊದಲು ಸಿಕ್ಕ ಮನೆಯಲ್ಲಿ ಒಬ್ಬ ಹೆಂಗಸು ಕಾಫಿ ಕೊಡುತ್ತಾಳೆ. ಮೂರು ಸಾವಿರ ಜನ ಇದ್ದಿರಬೇಕು ಅಂತ ಅವನು. ಇಲ್ಲಿ ಯಾರೂ ಸತ್ತಿಲ್ಲ ಅಂತ ಅವಳು. ಊರೆಲ್ಲ ಅದೇ ಮಾತು. ಏನೂ ಆಗಿಲ್ಲ, ಕಾರ್ಮಿಕರು ಖುಷಿಯಾಗಿ ಮನೆಗೆ ಹೋದರು ಅಂತ ಸರಕಾರದ ಪ್ರಕಟಣೆ. ಆಮೇಲೆ ಮಳೆ ಹಿಡಿಯುತ್ತದೆ. ನಾಲ್ಕು ವರ್ಷ, ಹನ್ನೊಂದು ತಿಂಗಳು, ಎರಡು ದಿನ.

ಇದೇ ಊರಿನವರು ರೆಮೆದಿಯೊಸ್ ಆಕಾಶಕ್ಕೆ ಹೋದದ್ದನ್ನು ನಂಬಿದ್ದರು. ಪಾದ್ರಿ ಒಂದು ಲೋಟ ಚಾಕೊಲೇಟ್ ಕುಡಿದು ನೆಲದಿಂದ ಮೇಲೆದ್ದು ನಿಂತದ್ದನ್ನು ನಂಬಿದ್ದರು. ಪುಸ್ತಕದಲ್ಲಿ ಯಾರೂ ನಂಬದ ಒಂದೇ ಒಂದು ದೊಡ್ಡ ಸಂಗತಿ ಯಾವುದು ಅಂದರೆ, ನಿಜವಾಗಿ ನಡೆದದ್ದು. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಇಡೀ ಕಾದಂಬರಿಯೇ ಬೇರೆ ಕಂಡಿತು. ಅಲ್ಲಿಯವರೆಗಿನ ಪವಾಡಗಳೆಲ್ಲ ಈ ಪುಟಕ್ಕೆ ನಮ್ಮನ್ನು ತಯಾರು ಮಾಡುತ್ತಿದ್ದವು ಅನ್ನಿಸಿತು. ನಾವು ಬೆಡ್‌ಶೀಟನ್ನು ನಂಬಿ ಕೂತಿದ್ದೇವೆ, ರೈಲನ್ನು ಹೇಗೆ ನಂಬದೇ ಇರುತ್ತೀರಿ ಅಂತ ಊರವರ ಮೇಲೆ ಸಿಟ್ಟು ಬರುತ್ತದೆ.

ಇನ್ನೂ ಇದೆ. ಸೆಗುಂದೊನನ್ನು ಹುಡುಕಿಕೊಂಡು ಸೈನಿಕರು ಮನೆಗೆ ಬರುತ್ತಾರೆ. ಅವನು ಒಂದು ಕೋಣೆಯಲ್ಲಿ ಸುಮ್ನೆ ಕೂತಿದ್ದಾನೆ. ಅಧಿಕಾರಿ ದೀಪ ಹಿಡಿದು ಅವನು ಕೂತ ಜಾಗವನ್ನೇ ನೋಡುತ್ತಾನೆ. ಮನೆಯವರಿಗೆ ಅವನು ಕಾಣುತ್ತಿದ್ದಾನೆ, ಅಧಿಕಾರಿಗೆ ಕಾಣುವುದಿಲ್ಲ. ಆ ಕೋಣೆಯಲ್ಲಿ ಯಾರೂ ಇಲ್ಲದೆ ನೂರು ವರ್ಷವಾಗಿರಬೇಕು ಅನ್ನುವ ಹಾಗೆ ಹೇಳಿ ಹೋಗುತ್ತಾನೆ. ಇದು ಪವಾಡವಾ? ಕೊಂದದ್ದನ್ನೇ ಅಲ್ಲಗಳೆದ ಸರಕಾರಕ್ಕೆ ಸಾಕ್ಷಿ ಹೇಗೆ ಕಾಣಬೇಕು? ನನಗೆ ಇದು ಪೂರಾ ವಾಸ್ತವ.

ಸಂಖ್ಯೆಯ ಬಗ್ಗೆ ಒಂದು ಮಾತು. ಅಷ್ಟು ಉದ್ದದ ರೈಲು ತುಂಬಬೇಕಿತ್ತು, ಅದಕ್ಕೇ ಮೂರು ಸಾವಿರ ಮಾಡಿದೆ ಅಂತ ಮಾರ್ಕೆಸ್ ಆಮೇಲೆ ಒಪ್ಪಿಕೊಂಡರು. ಆದರೆ ಅಷ್ಟು ಹೊತ್ತಿಗೆ ಜನ ಅದನ್ನೇ ಚರಿತ್ರೆ ಅಂತ ಹೇಳತೊಡಗಿದ್ದರು. 425 ಆನೆಗಳ ತಂತ್ರ ಇಲ್ಲಿ ಅಪಾಯಕಾರಿಯಾಗಿಯೂ ಕೆಲಸ ಮಾಡಿತು. ಇದನ್ನು ಮುಚ್ಚಿಡಬೇಕಿಲ್ಲ. ಕಾದಂಬರಿಕಾರನ ಲೆಕ್ಕವನ್ನು ಚರಿತ್ರಕಾರ ಪರೀಕ್ಷಿಸಲೇಬೇಕು.

1967ರಲ್ಲಿ ಬ್ಯೂನಸ್ ಐರಿಸ್‌ನಿಂದ ಈ ಪುಸ್ತಕ ಬಂದ ಮೇಲೆ ಜಗತ್ತಿನ ಎಷ್ಟೋ ಕಡೆ ಲೇಖಕರಿಗೆ ಬಾಗಿಲು ತೆರೆದ ಹಾಗಾಯಿತು. ಸಲ್ಮಾನ್ ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ನಿಮ್ಮಲ್ಲಿ ಹಲವರು ಓದಿರುತ್ತೀರಿ. ಸ್ವಾತಂತ್ರ್ಯ ಬಂದ ಮಧ್ಯರಾತ್ರಿಯ ಗಂಟೆಯಲ್ಲಿ ಹುಟ್ಟಿದ 1,001 ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ. ನೈಜೀರಿಯಾದ ಬೆನ್ ಓಕ್ರಿಗೆ 1991ರಲ್ಲಿ ಬೂಕರ್ ತಂದುಕೊಟ್ಟ ‘ದ ಫ್ಯಾಮಿಶ್ಡ್ ರೋಡ್’ ಸತ್ತು ಸತ್ತು ಹುಟ್ಟುವ ಮಗುವಿನ ಬಾಯಲ್ಲಿದೆ. ಕನ್ನಡದಲ್ಲಿ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಇದೆ. ಅಲ್ಲಿ ಮಂಚ ಮಾತಾಡುತ್ತದೆ, ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಸೇರಿ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಅದನ್ನು ಮಾರ್ಕೆಸ್ ಪ್ರಭಾವ ಅಂತ ಅವಸರದಲ್ಲಿ ಚೀಟಿ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಜೋತಮ್ಮಗಳಿಗೆ ಕೊಲಂಬಿಯಾದ ವೀಸಾ ಬೇಕಿಲ್ಲ.

ಅಮೆರಿಕದ ಲೇಖಕಿ ಟೋನಿ ಮಾರಿಸನ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ‘ಬಿಲವ್ಡ್’ (1987) ಕಾದಂಬರಿಯ ಬೇರು 1856ರ ಒಂದು ನಿಜ ಘಟನೆ. ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ತಾಯಿ ಓಡಿಬಂದು, ಮತ್ತೆ ಸಿಕ್ಕಿಬಿದ್ದಾಗ, ಮಗಳು ಗುಲಾಮಗಿರಿಗೆ ಹೋಗಬಾರದು ಅಂತ ಅವಳನ್ನು ಕೊಂದಳು. ಕಾದಂಬರಿಯಲ್ಲಿ ಸತ್ತ ಮಗು ಮನೆಯಲ್ಲಿ ದೆವ್ವವಾಗಿದೆ. ಕನ್ನಡಿ ಒಡೆಯುತ್ತದೆ, ಕೇಕಿನ ಮೇಲೆ ಪುಟ್ಟ ಕೈಯ ಅಚ್ಚು ಮೂಡುತ್ತದೆ. ಮನೆ ಬಿಟ್ಟು ಹೋಗೋಣವಾ ಅಂತ ಸೊಸೆ ಕೇಳಿದರೆ ಅತ್ತೆ ಬೇಬಿ ಸಗ್ಸ್ ಏನು ಪ್ರಯೋಜನ ಅನ್ನುತ್ತಾಳೆ. ಸತ್ತ ಕರಿಯರ ದುಃಖ ಸೂರಿನವರೆಗೂ ತುಂಬಿರದ ಮನೆ ಈ ದೇಶದಲ್ಲಿ ಒಂದೂ ಇಲ್ಲ ಅಂತ. ಅವಳಿಗೆ ಯಾಕೆ ಆಶ್ಚರ್ಯವಾಗುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ? ಅಂದಹಾಗೆ ಮಾರಿಸನ್‌ಗೆ ಈ ಹಣೆಪಟ್ಟಿ ಹಿಡಿಸುತ್ತಿರಲಿಲ್ಲ. ಮಾರ್ಕೆಸ್ ಕೂಡ ನಾನು ಬರೀ ವಾಸ್ತವವಾದಿ ಅನ್ನುತ್ತಿದ್ದರು.

ಹಣೆಪಟ್ಟಿಯ ಮೇಲೆ ಸಿಟ್ಟಿಗೆ ಕಾರಣವೂ ಇದೆ. ಒಂದು ಹಂತದಲ್ಲಿ ಇದು ರಫ್ತಿನ ಸರಕಾಯಿತು. ಚಿಲಿಯ ಆಲ್ಬೆರ್ತೊ ಫುಗೆತ್ ಅಮೆರಿಕದ ಅಯೋವಾದಲ್ಲಿದ್ದಾಗ ಅವರ ಕಥೆ ವಾಪಸ್ ಬಂತು. ಕಾರಣ, ಅದರಲ್ಲಿ ಮಾಂತ್ರಿಕ ವಾಸ್ತವ ಇಲ್ಲ, ಇದು ಎಲ್ಲಿ ಬೇಕಾದರೂ ನಡೆಯಬಹುದಾದ ಕಥೆ ಅಂತ! ಲ್ಯಾಟಿನ್ ಅಮೆರಿಕದವನಾದರೆ ಅಜ್ಜಿ ಹಾರಲೇಬೇಕು ಅನ್ನುವ ಕಾನೂನು. ಆ ಸಿಟ್ಟಿನಲ್ಲಿ ಅವರು ಸೆರ್ಹಿಯೊ ಗೋಮೆಸ್ ಜೊತೆ ಸೇರಿ 1996ರಲ್ಲಿ ಒಂದು ಕಥಾ ಸಂಕಲನ ತಂದರು. ಹೆಸರು ‘ಮ್ಯಾಕೊಂಡೊ’, ಮಕೊಂದೊ ಊರಿಗೆ ಮ್ಯಾಕ್‌ಡೊನಾಲ್ಡ್ಸ್ ಬಂದ ಹಾಗೆ. ಮಾಲು, ಕಂಪ್ಯೂಟರು, ಟ್ರಾಫಿಕ್ಕು ಇರುವ ಕಥೆಗಳು. ಅವರ ಸಿಟ್ಟು ನೂರಕ್ಕೆ ನೂರು ಸರಿ ಅಂತ ನನಗೆ ಅನ್ನಿಸುತ್ತದೆ, ಅವರ ಕಥೆಗಳೆಲ್ಲ ಚೆನ್ನಾಗಿವೆ ಅಂತ ಹೇಳಲಾರೆ. ಅನುಕರಣೆಗಳಂತೂ ರಾಶಿ ಬಿದ್ದಿವೆ. ಪ್ರತಿ ಪುಟಕ್ಕೊಂದು ಚಿಟ್ಟೆ, ಪ್ರತಿ ಅಧ್ಯಾಯಕ್ಕೊಂದು ಭವಿಷ್ಯ ಹೇಳುವ ಮುದುಕಿ. ಅಂಥದ್ದು ಸಿಕ್ಕಾಗ ನಾನು ಎರಡು ವಿಷಯ ನೋಡುತ್ತೇನೆ. ಮೊಟ್ಟೆ ಎಷ್ಟು ಅಂತ ಹೇಳಿದ್ದಾರಾ? ಈ ಪವಾಡ ಇಲ್ಲದಿದ್ದರೆ ಯಾರ ಮಾತು ಕೇಳದೆ ಹೋಗುತ್ತಿತ್ತು? ಎರಡಕ್ಕೂ ಉತ್ತರ ಇಲ್ಲದಿದ್ದರೆ ಪುಸ್ತಕ ಕೆಳಗಿಡುತ್ತೇನೆ.

ಎಲ್ಲಿಂದ ಓದಬೇಕು ಅಂತ ಕೇಳುವವರಿಗೆ: ಮೊದಲು ರೆಕ್ಕೆಯ ಮುದುಕನ ಕಥೆ, ಅರ್ಧ ಗಂಟೆ ಸಾಕು. ಆಮೇಲೆ ಮೆಕ್ಸಿಕೋದ ಹುವಾನ್ ರುಲ್ಫೊ ಬರೆದ ‘ಪೆದ್ರೊ ಪಾರಾಮೊ’, 1955ರದ್ದು, ತೆಳ್ಳಗಿನ ಪುಸ್ತಕ. ಅಪ್ಪನನ್ನು ಹುಡುಕಿಕೊಂಡು ಮಗ ಕೊಮಾಲಾ ಎಂಬ ಊರಿಗೆ ಬರುತ್ತಾನೆ, ಅಲ್ಲಿ ಮಾತಿಗೆ ಸಿಕ್ಕವರೆಲ್ಲ ಸತ್ತವರು. ಮಾರ್ಕೆಸ್ ಇದನ್ನು 1961ರಲ್ಲಿ ಮೆಕ್ಸಿಕೋಗೆ ಬಂದಾಗ ಓದಿ, ಬಾಯಿಪಾಠ ಒಪ್ಪಿಸುವಷ್ಟು ಹಚ್ಚಿಕೊಂಡಿದ್ದರು. ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಅಂತ ಗೊಂದಲವಾದರೆ ಹಿಂದಿನ ಪುಟಕ್ಕೆ ಹೋಗಬೇಡಿ, ಮುಂದೆ ಓದಿ. ಮಗನ ಗತಿ ಏನಾಯಿತು ಅಂತ ಮಧ್ಯದಲ್ಲಿ ಅವನೇ ಹೇಳುತ್ತಾನೆ. ಇವೆರಡೂ ಹಿಡಿಸಿದರೆ ಮಾತ್ರ ‘ನೂರು ವರ್ಷದ ಏಕಾಂತ’. ಅದರ ಮೊದಲಿಗೆ ಅನೇಕ ಮುದ್ರಣಗಳಲ್ಲಿ ವಂಶವೃಕ್ಷ ಕೊಟ್ಟಿರುತ್ತಾರೆ. ಅದನ್ನು ಬಾಯಿಪಾಠ ಮಾಡಲು ಹೋಗಬೇಡಿ. ಕರ್ನಲ್ ಅವ್ರೆಲಿಯಾನೊಗೆ ಹದಿನೇಳು ಹೆಂಗಸರಲ್ಲಿ ಹದಿನೇಳು ಗಂಡುಮಕ್ಕಳು, ಹದಿನೇಳೂ ಜನರ ಹೆಸರು ಅವ್ರೆಲಿಯಾನೊ. ಬೇಕಂತಲೇ ಮಾಡಿದ ಗೊಂದಲ ಅದು.